ಕಾನ್ಫಿಗ್ ಫೈಲೋ, ತಾನೇ ಹೊಂದಿಕೊಳ್ಳುವ ಪ್ರೋಗ್ರಾಮೋ?

ಪ್ರಶ್ನೆ: ಚಿಕ್ಕ ಅಂಗಡಿಗಳಿಗಾಗಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಪ್ರಿಂಟರ್, ಕಾಗದದ ಅಗಲ, ತೆರಿಗೆ ದರ ಎಲ್ಲವೂ ಒಂದು ಕಾನ್ಫಿಗ್ ಫೈಲಿನಲ್ಲಿ, ಅಂದರೆ ಪ್ರೋಗ್ರಾಮ್ ಓದಿಕೊಳ್ಳುವ ಸೆಟ್ಟಿಂಗ್ಸ್ ಫೈಲಿನಲ್ಲಿ, ಇರಲಿ ಎಂಬುದು ನನ್ನ ವಿಚಾರ. ಅಂಗಡಿಯವರು ಫೈಲನ್ನು ಮುಟ್ಟುವುದೇ ಇಲ್ಲ, ಎಲ್ಲವನ್ನೂ ಪ್ರೋಗ್ರಾಮೇ ಪತ್ತೆಹಚ್ಚಲಿ ಎಂಬುದು ನನ್ನ ಜೊತೆಗಾರರ ವಾದ. ಯಾವುದು ಸರಿ?
– ಓದುಗರೊಬ್ಬರು, ತುಮಕೂರು

ಉತ್ತರ: ಲಿನಕ್ಸ್ ಬಳಸುವವರು ಇದೇ ತೊಡಕನ್ನು ಬಹಳ ವರ್ಷ ಅನುಭವಿಸಿದ್ದಾರೆ. 1990ರ ದಶಕದಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುತ್ತಿದ್ದ ಎಕ್ಸ್‌ಫ್ರೀ86 ಎಂಬ ಪ್ರೋಗ್ರಾಮಿಗೆ ಮಾನಿಟರಿನ ಅಡ್ಡ ಮತ್ತು ಲಂಬ ಆವರ್ತನಗಳನ್ನು ಬಳಕೆದಾರರೇ ಫೈಲಿನಲ್ಲಿ ಬರೆದುಕೊಡಬೇಕಿತ್ತು. ಮಾನಿಟರಿನ ಕೈಪಿಡಿ ಕಳೆದುಹೋಗಿದ್ದರೆ ಅಂದಾಜೇ ಗತಿ. ತಪ್ಪು ಅಂಕಿ ಬಿದ್ದರೆ ಕೆಲವು ಹಳೆಯ ಮಾನಿಟರುಗಳು ಕೆಟ್ಟುಹೋಗುವ ಅಪಾಯವೂ ಇತ್ತು. ಮಾನಿಟರನ್ನು ಕೇಳಬೇಕಾದದ್ದನ್ನು ಮನುಷ್ಯನನ್ನು ಕೇಳುತ್ತಿದ್ದುದೇ ಅಲ್ಲಿನ ದೋಷ. ಮುಂದೆ ಮಾನಿಟರುಗಳು ಇಡಿಐಡಿ ಎಂಬ, ಮೂಲತಃ 128 ಬೈಟುಗಳ ವಿವರವನ್ನು ಕೇಬಲ್ಲಿನ ಮೂಲಕ ತಾವೇ ಒದಗಿಸತೊಡಗಿದವು. ಕ್ರಮೇಣ ಆ ಫೈಲಿಲ್ಲದೆಯೇ ಪರದೆ ಬೆಳಗಲು ಸಾಧ್ಯವಾಯಿತು. ಆದರೂ ಎಕ್ಸ್‌ಫ್ರೀ86ರ ಉತ್ತರಾಧಿಕಾರಿಯಾದ ಎಕ್ಸ್.ಆರ್ಗ್ ಫೈಲನ್ನು ಓದುವುದನ್ನು ಬಿಡಲಿಲ್ಲ. ನಡುವೆ ಒಂದು ಕೆವಿಎಂ ಸ್ವಿಚ್ಚೋ (ಒಂದೇ ಪರದೆ, ಕೀಲಿಮಣೆಗಳನ್ನು ಹಲವು ಕಂಪ್ಯೂಟರುಗಳಿಗೆ ಹಂಚುವ ಸಾಧನ) ಹಳೆಯ ಪ್ರೊಜೆಕ್ಟರೋ ಇದ್ದರೆ ಆ ವಿವರ ತಲುಪದೆ ಹೋಗುವುದುಂಟು, ಆಗ ಫೈಲೇ ಆಸರೆ.

ನಿಮ್ಮ ಪಟ್ಟಿಯನ್ನೂ ಹೀಗೆಯೇ ವಿಂಗಡಿಸಿ. ಯಾವ ಪ್ರಿಂಟರ್ ಜೋಡಿಸಲಾಗಿದೆ ಎಂಬುದು ಕಂಪ್ಯೂಟರಿಗೆ ಗೊತ್ತು, ಅದನ್ನು ಅಂಗಡಿಯವರಿಂದ ಕೇಳಬಾರದು. ಕಾಗದ 58 ಮಿಲಿಮೀಟರಿನದೋ 80ರದೋ ಎಂಬುದನ್ನು ಎಷ್ಟೋ ಥರ್ಮಲ್ ಪ್ರಿಂಟರುಗಳು ಹೇಳುವುದಿಲ್ಲ. ಮೊದಲ ದಿನ ಒಂದು ಪರೀಕ್ಷಾ ಚೀಟಿ ಮುದ್ರಿಸಿ, ಸಾಲಿನ ಬಲತುದಿ ಪೂರ್ತಿ ಕಾಣುತ್ತಿದೆಯೇ ಎಂದು ಕೇಳಿ, ಸಿಕ್ಕ ಉತ್ತರವನ್ನು ಪ್ರೋಗ್ರಾಮೇ ಫೈಲಿಗೆ ಬರೆದುಕೊಳ್ಳಲಿ. ತೆರಿಗೆ ದರವನ್ನು ಮಾತ್ರ ಎಂದಿಗೂ ಊಹೆಗೆ ಬಿಡಬೇಡಿ, ಕೋಡಿನೊಳಗೂ ಹುದುಗಿಸಬೇಡಿ. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ಜಿಎಸ್‌ಟಿ ಒಂದೇ ದಿನ ಬದಲಾಯಿತು. ಯಾವ ದರ ಯಾವ ದಿನದಿಂದ ಎಂಬ ವಿವರದೊಡನೆ ದರಪಟ್ಟಿ ಪ್ರತ್ಯೇಕ ಫೈಲಿನಲ್ಲಿದ್ದರೆ, ಹಳೆಯ ಬಿಲ್ಲನ್ನು ಮತ್ತೆ ಮುದ್ರಿಸಿದಾಗಲೂ ಹಳೆಯ ದರವೇ ಸರಿಯಾಗಿ ಬರುತ್ತದೆ.

ಎಕ್ಸ್.ಆರ್ಗ್‌ನ ಇನ್ನೊಂದು ಪದ್ಧತಿಯನ್ನೂ ನೀವು ಅಳವಡಿಸಿಕೊಳ್ಳಬೇಕೆಂಬುದು ನನ್ನ ಆಗ್ರಹದ ಸಲಹೆ. ಅದು ತನ್ನ ಕೆಲಸವನ್ನು ದಾಖಲಿಸಿಡುವ ಲಾಗ್‌ನಲ್ಲಿ ಸಾಲುಗಳ ಮೊದಲಿಗೆ ಒಂದು ಗುರುತಿರುತ್ತದೆ: (--) ಎಂದರೆ ಹಾರ್ಡ್‌ವೇರಿನಿಂದ ಪತ್ತೆಹಚ್ಚಿದ್ದು, (**) ಎಂದರೆ ಫೈಲಿನಲ್ಲಿದ್ದದ್ದು, (==) ಎಂದರೆ ಡೀಫಾಲ್ಟ್, ಅಂದರೆ ಬೇರೇನೂ ಹೇಳದಿದ್ದಾಗ ಬಳಸುವುದು. ನಿಮ್ಮ ಸೆಟ್ಟಿಂಗ್ಸ್ ಪರದೆಯಲ್ಲಿಯೂ ಪ್ರತಿಯೊಂದು ಸೆಟ್ಟಿಂಗಿನ ಪಕ್ಕದಲ್ಲಿ ಅದು ಎಲ್ಲಿಂದ ಬಂತೆಂದು ಬರೆದಿರಲಿ. ಬಿಲ್ಲಿನ ಅಂಚು ಕತ್ತರಿಸಿಹೋಗುತ್ತಿದೆ ಎಂದು ಅಂಗಡಿಯವರು ಫೋನ್ ಮಾಡಿದಾಗ, ಆ ಒಂದು ಪದವನ್ನು ಅವರಿಂದ ಓದಿಸಿಕೊಂಡರೆ, ಪ್ರೋಗ್ರಾಮ್ ತಪ್ಪಾಗಿ ಊಹಿಸಿತೋ ಯಾರಾದರೂ ಕೈಯಾರೆ ಬದಲಿಸಿದರೋ ಎಂಬುದು ನಿಮಗೆ ಕುಳಿತಲ್ಲೇ ತಿಳಿಯುತ್ತದೆ.