ಕಾಶ್ಮೀರದ ಚಳಿಗೆ ಡೀಸೆಲ್‌ಗಿಂತ ಮೊದಲು ರೇಡಿಯೇಟರ್ ನೋಡಿ

ಜನವರಿಯಲ್ಲಿ ಚಿಂತಾಮಣಿಯಿಂದ ಶ್ರೀನಗರಕ್ಕೆ ಲಾರಿ ಒಯ್ಯುವಾಗ ಡೀಸೆಲ್‌ಗೆ ಎಷ್ಟು ಸೀಮೆಎಣ್ಣೆ ಬೆರೆಸಬೇಕೆಂದು ಕೇಳಿದ್ದೀರಿ. ಒಂದು ಹನಿಯೂ ಬೇಡ. ನಾನು ಮೊದಲ ಸಲ ಹೊರಟಾಗ ಇದೇ ಪ್ರಶ್ನೆ ಹಿಡಿದು ಚಿಕ್ಕಬಳ್ಳಾಪುರದ ಗ್ಯಾರೇಜುಗಳನ್ನೆಲ್ಲ ಸುತ್ತಿದ್ದೆ. ಡೀಸೆಲ್ ಚಿಂತೆಯಲ್ಲಿ ರೇಡಿಯೇಟರ್ ಕಡೆಗೆ ಗಮನ ಕೊಡದೆ ಎಂಜಿನ್ನನ್ನೇ ಕಳೆದುಕೊಂಡೆ.

ನಮ್ಮೂರ ಪಕ್ಕದ ರಾಷ್ಟ್ರೀಯ ಹೆದ್ದಾರಿ 44 ಶ್ರೀನಗರದವರೆಗೂ ಹೋಗುತ್ತದೆ. ಬಾಗೇಪಲ್ಲಿ ದಾಟುವಷ್ಟರಲ್ಲೇ ರೇಡಿಯೇಟರ್‌ನ ಕೆಳಗಿನ ಹೋಸ್ ಸಣ್ಣಗೆ ಸೋರುತ್ತಿರುವುದು ತಿಳಿದಿತ್ತು. ಕ್ಲಾಂಪ್ ಬಿಗಿ ಮಾಡಿಸಿ, ನಾಗಪುರ, ಝಾನ್ಸಿ, ಅಂಬಾಲ ಎಂದು ನಿಂತ ಕಡೆಯೆಲ್ಲ ಢಾಬಾದ ನೀರನ್ನೇ ತುಂಬಿಸುತ್ತ ಹೋದೆ. ನಮ್ಮ ಸೀಮೆಯಲ್ಲಿ ವರ್ಷವಿಡೀ ಬೋರ್‌ವೆಲ್ ನೀರಿನಲ್ಲೇ ಲಾರಿ ಓಡಿಸುವವರಿದ್ದಾರೆ, ಆದ್ದರಿಂದ ಅದು ತಪ್ಪೆಂದು ಹೊಳೆಯಲೇ ಇಲ್ಲ. ರೇಡಿಯೇಟರ್‌ಗೆ ಸೇರಿದ ಡಬ್ಬಿಯಲ್ಲಿ ತಿಳಿ ಹಸಿರು ಬಣ್ಣ ಕಾಣುತ್ತಿದ್ದುದರಿಂದ ಕೂಲೆಂಟ್, ಅಂದರೆ ಎಂಜಿನ್ ತಣಿಸುವ, ಚಳಿಗೆ ಹೆಪ್ಪುಗಟ್ಟದ ದ್ರವ, ಇದೆಯೆಂದೇ ನಂಬಿದ್ದೆ. ಬಣ್ಣವನ್ನು ನಂಬಬಾರದು. ಸ್ವಲ್ಪ ಕೂಲೆಂಟ್ ಉಳಿದರೂ ನೀರು ಹಸಿರಾಗಿಯೇ ಕಾಣುತ್ತದೆ, ಆದರೆ ಅದಕ್ಕೆ ಚಳಿ ತಡೆಯುವ ಶಕ್ತಿಯಿರುವುದಿಲ್ಲ. ಎಥಿಲೀನ್ ಗ್ಲೈಕಾಲ್ ಕೂಲೆಂಟ್ ಮತ್ತು ನೀರು ಸಮಪಾಲಿನಲ್ಲಿದ್ದರೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ. ನನ್ನ ಲಾರಿಯಲ್ಲಿ ಆ ಹೊತ್ತಿಗೆ ಹತ್ತರಲ್ಲೊಂದು ಪಾಲೂ ಇದ್ದಿರಲಿಕ್ಕಿಲ್ಲ.

ವಾಪಸು ಬರುವಾಗ ಪುಲ್ವಾಮಾದ ಲಸ್ಸಿಪೊರಾದ ಶೀತಲಗೃಹದಿಂದ ಸೇಬು ತುಂಬಿಕೊಂಡು ಹೊರಟೆವು. ಮುಂದೆ ಜಮ್ಮು ದಾರಿಯ ರಾಮಬನ್ ಬಳಿ ಗುಡ್ಡ ಕುಸಿದಿದ್ದರಿಂದ ಕಾಜಿಗುಂಡ್‌ನಲ್ಲಿ ಲಾರಿಗಳನ್ನೆಲ್ಲ ತಡೆದರು. ರಾತ್ರಿ ಎಂಜಿನ್ ಆರಿಸಿ ಮಲಗಿದೆವು. ಬೆಳಿಗ್ಗೆ ರೇಡಿಯೇಟರ್‌ನ ಕೆಳಗಿನ ತಿರುಪು ಬಿಚ್ಚಿದರೆ ಒಂದು ಹನಿಯೂ ಬೀಳಲಿಲ್ಲ, ಮುಚ್ಚಳ ತೆಗೆದರೆ ಬಾಯಿತುಂಬ ಮಂಜುಗಡ್ಡೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಆ ಒತ್ತಡವನ್ನು ಎರಕದ ಕಬ್ಬಿಣವೂ ತಾಳುವುದಿಲ್ಲ. ಬಿಸಿಲೇರಿ ಮಂಜು ಕರಗಿದ ಮೇಲೆ ಎಂಜಿನ್ನಿನ ಎರಕದ ಒಡಲಾದ ಬ್ಲಾಕ್‌ನ ಪಕ್ಕದಿಂದ ಕೂದಲೆಳೆಯಷ್ಟು ಬಿರುಕಿನಲ್ಲಿ ನೀರು ಒಸರತೊಡಗಿತು. ಸೇಬನ್ನು ಬೇರೆ ಲಾರಿಗೆ ಸಾಗಿಸಿ, ನನ್ನ ಲಾರಿಯನ್ನು ಜಮ್ಮುವಿನವರೆಗೆ ಎಳೆಸಿಕೊಂಡು ಹೋದೆ. ಆ ಬ್ಲಾಕ್ ಮತ್ತೆ ಉಪಯೋಗಕ್ಕೆ ಬರಲಿಲ್ಲ.

ಆದ್ದರಿಂದ ಹೊರಡುವ ಮೊದಲು ಹಳೆಯ ನೀರನ್ನೆಲ್ಲ ಬಸಿದು, ಹೋಸ್‌ಗಳನ್ನು ಬದಲಿಸಿ, ಸಮಪಾಲಿನ ಕೂಲೆಂಟ್ ಹಾಕಿಸಿ. ದಾರಿಯಲ್ಲಿ ತುಂಬಲು ಅದೇ ಮಿಶ್ರಣದ ಕ್ಯಾನ್ ಜೊತೆಗಿರಲಿ.

ಇನ್ನು ಡೀಸೆಲ್. ಫಿಲ್ಟರ್ ಕಟ್ಟದಂತೆ ಹರಿಯಬೇಕಾದ ಉಷ್ಣತೆಯ ಮಿತಿಯನ್ನು ಭಾರತೀಯ ಮಾನಕ ಸಂಸ್ಥೆ (ಬಿಐಎಸ್) ಮಾಮೂಲಿ ಡೀಸೆಲ್‌ಗೆ ಬೇಸಿಗೆಯಲ್ಲಿ 18, ಚಳಿಗಾಲದಲ್ಲಿ 6 ಡಿಗ್ರಿ ಎಂದು ಇಟ್ಟಿದೆ. ಅದಕ್ಕಿಂತ ಚಳಿಯಾದರೆ ಡೀಸೆಲ್‌ನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳಬಹುದು. ಸೀಮೆಎಣ್ಣೆ ಬೆರೆಸುವುದು ಕಲಬೆರಕೆ, ಕಾನೂನಿಗೆ ವಿರುದ್ಧ. ಅದರಲ್ಲಿ ಜಾರುಗುಣ ಕಡಿಮೆಯಾದ್ದರಿಂದ ಪಂಪು, ಇಂಜೆಕ್ಟರ್‌ಗಳೂ ಬೇಗ ಸವೆಯುತ್ತವೆ. ಅದರ ಬದಲು ಬಯಲು ಸೀಮೆಯಿಂದಲೇ ಫುಲ್ ಟ್ಯಾಂಕ್ ಮಾಡಿಕೊಂಡು ಹತ್ತದೆ, ಕಣಿವೆಯ ಬಂಕ್‌ಗಳಲ್ಲಿ ಅಲ್ಲಿನ ಚಳಿಗೆ ಹೊಂದುವ ಡೀಸೆಲ್ ಇದೆಯೇ ಎಂದು ವಿಚಾರಿಸಿ ಹಾಕಿಸಿ. ಹೊಸ ಫಿಲ್ಟರ್ ಹಾಕಿಸಿ, ಡೀಸೆಲ್‌ನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ನೀರನ್ನು ದಿನವೂ ಬಿಡಿ. ಮೈನಸ್ 33 ಡಿಗ್ರಿಯವರೆಗೆ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ 2019ರಲ್ಲಿ ತಂದದ್ದು ಲಡಾಖ್‌ಗಾಗಿ. ನಿಮ್ಮ ಪ್ರಯಾಣ ಅಲ್ಲಿಯವರೆಗೆ ಇಲ್ಲ. ಡೀಸೆಲ್ ಕಟ್ಟಿಕೊಂಡರೆ ಕೆಲವರು ಟ್ಯಾಂಕ್ ಕೆಳಗೆ ಬೆಂಕಿ ಹಾಕುತ್ತಾರೆ. ನಿಮ್ಮ ಡ್ರೈವರ್‌ಗೆ ಇದನ್ನು ಖಡಾಖಂಡಿತವಾಗಿ ಬೇಡವೆನ್ನಿ.

ಬ್ರೇಕಿನ ಏರ್ ಟ್ಯಾಂಕ್‌ನಲ್ಲಿ ಸೇರಿದ ನೀರನ್ನು ಪ್ರತಿ ಸಂಜೆ ಬಿಡಬೇಕು, ಪೈಪಿನಲ್ಲಿ ಅದು ಹೆಪ್ಪುಗಟ್ಟಿದರೆ ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತದೆ.

ಅಲ್ಲಿಯವರು ಚಿಲ್ಲೈ ಕಲಾನ್ ಎನ್ನುವ ಕಡು ಚಳಿಯ 40 ದಿನಗಳು ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗೆ ಇರುತ್ತವೆ. ಲೋಡ್ ಕೊಡುವವರು ಒಪ್ಪುವುದಾದರೆ ಫೆಬ್ರವರಿಯಲ್ಲಿ ಹೊರಡಿ.