ಹಳೆಯ ಪಾರ್ಕರ್ ಜೋಡುನಳಿಗೆ ಕೋವಿಯಲ್ಲಿ ಫ್ರೇಮ್ ಬೇರೆ, ಗ್ರೇಡ್ ಬೇರೆಯೇ? ಗುರುತಿಸುವುದು ಹೇಗೆ?

ಹೌದು, ಎರಡೂ ಬೇರೆ. ಫ್ರೇಮ್ ಅಂದರೆ ಕೋವಿಯ ಮೈಕಟ್ಟು, ಗ್ರೇಡ್ ಅಂದರೆ ಅದರ ಸಿಂಗಾರ. ಈ ಕೋವಿ ತಯಾರಿಸಿದ ಅಮೆರಿಕದ ಪಾರ್ಕರ್ ಬ್ರದರ್ಸ್ ಕಂಪನಿ ಎರಡನ್ನೂ ಅಂಕಿಯಲ್ಲೇ ಬರೆಯುತ್ತಿತ್ತು, ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ಕೋವಿ ಖಾಲಿ ಇದೆಯಾ ನೋಡಿ, ಆಮೇಲೆ ನಳಿಗೆ ಬಿಚ್ಚಿ. ನಳಿಗೆಯ ಅಡಿಯಲ್ಲಿ ಕೊಕ್ಕೆಯಂಥ ಉಕ್ಕಿನ ಗಟ್ಟಿ ಇರುತ್ತದೆ. ಅದರ ಮೇಲಿನ 0, 1, 1½, 2 ಇಂಥ ಅಂಕಿಯೇ ಫ್ರೇಮ್. ಅಂಕಿ ದೊಡ್ಡದಾದಷ್ಟು ಫ್ರೇಮ್ ದಪ್ಪ, ತೋಟಾಕ್ಕೆ ಬಡಿಯುವ ಎರಡು ಫೈರಿಂಗ್ ಪಿನ್‌ಗಳ ನಡುವಿನ ಅಂತರವೂ ಜಾಸ್ತಿ. 12 ಬೋರ್ ಕೋವಿ (ಬೋರ್ ಅಂದರೆ ನಳಿಗೆಯ ತೂತಿನ ಅಳತೆ) ಸಾಮಾನ್ಯವಾಗಿ 2ರ ಫ್ರೇಮ್ ಮೇಲೆ ಬರುತ್ತದೆ, 1½ರ ಮೇಲೂ ಸಿಗುತ್ತದೆ. ಹಾಗಾಗಿ ಬೋರ್ ನೋಡಿ ಫ್ರೇಮ್ ಊಹಿಸಬೇಡಿ.

ಗ್ರೇಡ್ ಗುರುತು ನಳಿಗೆ ಕೂರುವ ಫ್ರೇಮಿನ ಚಪ್ಪಟೆ ಜಾಗದಲ್ಲಿದೆ. ಅಲ್ಲಿನ 2 ಅಂದರೆ ಜಿಎಚ್ ಅನ್ನುವ ಗ್ರೇಡ್, 3 ಅಂದರೆ ಡಿಎಚ್. ‘ಎಚ್’ ಅಂದರೆ ಹೊರಗೆ ಕುದುರೆ (ಹ್ಯಾಮರ್) ಕಾಣದ ಹ್ಯಾಮರ್‌ಲೆಸ್ ಕೋವಿ. ಗ್ರೇಡ್ ಹೆಸರಿನ ಕೊನೆಗೆ ‘ಇ’ ಇದ್ದರೆ, ಕೋವಿ ತೆರೆದಾಗ ಖಾಲಿ ತೋಟಾ ತಾನೇ ಹೊರಗೆ ಹಾರುತ್ತದೆ.

ಬರೀ ಕೆತ್ತನೆ ನೋಡಿ ಮರುಳಾಗಬೇಡಿ. ಚಿತ್ತಾರ ಆಮೇಲೂ ಕೆತ್ತಿಸಬಹುದು, ಅಲ್ವಾ? ನಳಿಗೆ, ಫ್ರೇಮ್ ಎರಡರಲ್ಲೂ ಸೀರಿಯಲ್ ನಂಬರ್ ಒಂದೇ ಇರಬೇಕು. ನಾನಂತೂ ಮೊದಲು ನೋಡುವುದು ಅದನ್ನೇ.