ತಾನಾಗಿಯೇ ಸರಿಹೋಗುವ ಗಣಕಜಾಲ

ಪ್ರಶ್ನೆ: ಮೇಲ್ವಿಚಾರಕನಿಲ್ಲದೆ ಒಟ್ಟಾಗಿ ದುಡಿಯುವ ಕಂಪ್ಯೂಟರ್‌ಗಳ ಮೆಮೊರಿಯಲ್ಲಿ ಮಾಹಿತಿ ಕೆಟ್ಟರೂ, ಕೆಲವು ವ್ಯವಸ್ಥೆಗಳು ತಾವಾಗಿಯೇ ಸರಿದಾರಿಗೆ ಬರುತ್ತವೆ ಎಂದು ಓದಿದೆ. ಒಟ್ಟು ಸ್ಥಿತಿ ಯಾವ ಕಂಪ್ಯೂಟರಿಗೂ ಕಾಣದಿರುವಾಗ ತಪ್ಪನ್ನು ಪತ್ತೆಹಚ್ಚುವವರು ಯಾರು?

ಉತ್ತರ: ಯಾರೂ ಪತ್ತೆಹಚ್ಚುವುದಿಲ್ಲ, ಈ ವಿಧಾನದ ನಿಜವಾದ ಸೊಗಸು ಇರುವುದೇ ಅಲ್ಲಿ. ಡಚ್ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1974ರಲ್ಲಿ ಎರಡೇ ಪುಟಗಳ ಲೇಖನದಲ್ಲಿ ಇದನ್ನು ಮಂಡಿಸಿದರು.

ಐದು ಕಂಪ್ಯೂಟರ್‌ಗಳು ವರ್ತುಲವಾಗಿ ಜೋಡಣೆಗೊಂಡಿವೆ, ಪ್ರತಿಯೊಂದರಲ್ಲೂ 0ಯಿಂದ 4ರವರೆಗಿನ ಒಂದು ಸಂಖ್ಯೆಯಿದೆ, ಪ್ರತಿಯೊಂದೂ ತನ್ನ ಎಡಬದಿಯ ಸಂಖ್ಯೆಯನ್ನಷ್ಟೇ ಓದಬಲ್ಲದು ಎಂದಿಟ್ಟುಕೊಳ್ಳಿ. ಎಡಬದಿಯ ಸಂಖ್ಯೆ ತನ್ನದಕ್ಕಿಂತ ಬೇರೆಯಾಗಿದ್ದರೆ ಅದು ತನ್ನ ಸರದಿ. ಕೆಲಸ ಮುಗಿಸಿ ಆ ಸಂಖ್ಯೆಯನ್ನು ನಕಲು ಮಾಡಿಕೊಳ್ಳಬೇಕು. ಮೊದಲನೆಯ ಕಂಪ್ಯೂಟರಿಗೆ ಮಾತ್ರ ನಿಯಮ ಬೇರೆ: ಅದರ ಎಡಕ್ಕಿರುವ ಐದನೆಯದರ ಸಂಖ್ಯೆ ತನ್ನದಕ್ಕೆ ಸಮವಾದಾಗ ಅದರ ಸರದಿ ಬರುತ್ತದೆ, ಆಗ ಅದು 1 ಕೂಡಿಸಿಕೊಳ್ಳುತ್ತದೆ, 4ರ ನಂತರ 0. ಒಮ್ಮೆಗೆ ಒಂದಕ್ಕೇ ಸರದಿ ಇರಬೇಕು. ಸಂಖ್ಯೆಗಳು ಕೆಟ್ಟು 2, 4, 1, 1, 3 ಎಂದಾದರೆ ಎರಡನೆಯ, ಮೂರನೆಯ ಮತ್ತು ಐದನೆಯ ಕಂಪ್ಯೂಟರ್‌ಗಳಿಗೆ ಏಕಕಾಲಕ್ಕೆ ಸರದಿ ಸಿಗುತ್ತದೆ. ಆದರೆ ಹೊಸ ಸಂಖ್ಯೆಯನ್ನು ತರಬಲ್ಲದ್ದು ಮೊದಲನೆಯದು ಮಾತ್ರ, ಉಳಿದ ನಾಲ್ಕರಲ್ಲಿ ಐದೂ ಸಂಖ್ಯೆಗಳು ಇರಲು ಸಾಧ್ಯವಿಲ್ಲ, ಒಂದಾದರೂ ಬಿಟ್ಟುಹೋಗಿರುತ್ತದೆ. ಮೊದಲನೆಯದು ಏರುತ್ತ ಏರುತ್ತ ಅಂತಹ ಸಂಖ್ಯೆಯನ್ನು ತಲುಪಿದ ಮೇಲೆ, ಅದೇ ಸಂಖ್ಯೆ ವರ್ತುಲವನ್ನು ಸುತ್ತಿ ಬರುವವರೆಗೆ ಕದಲುವುದಿಲ್ಲ. ಅಷ್ಟರೊಳಗೆ ಹಳೆಯ ಸಂಖ್ಯೆಗಳೆಲ್ಲ ಅಳಿಸಿಹೋಗಿ ಒಂದೇ ಸರದಿ ಉಳಿಯುತ್ತದೆ.

ಈ ಗುಣವಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ 1980ರ ಅಕ್ಟೋಬರ್ 27ರಂದು ಇಂದಿನ ಅಂತರ್ಜಾಲದ ಪೂರ್ವಜನಾದ ಆರ್ಪಾನೆಟ್ ಸ್ಥಗಿತಗೊಂಡದ್ದೇ ಸಾಕ್ಷಿ. ಬಿಟ್‌ಗಳು ಕಳೆದುಹೋದ ಕಾರಣ ಒಂದೇ ನೋಡ್‌ನ (ಜಾಲದಲ್ಲಿ ಸಂದೇಶ ಸಾಗಿಸುವ ಕಂಪ್ಯೂಟರಿನ) ಸ್ಥಿತಿಸಂದೇಶಗಳು 44, 40, 8 ಎಂಬ ಮೂರು ಕ್ರಮಸಂಖ್ಯೆಗಳಲ್ಲಿ ಹರಡಿದವು. ಆ ಸಂಖ್ಯೆಗಳು 63ರ ನಂತರ ಮತ್ತೆ 0ಗೆ ಮರಳುತ್ತಿದ್ದುದರಿಂದ 44 ಎಂಬುದು 40ಕ್ಕಿಂತ, 40 ಎಂಬುದು 8ಕ್ಕಿಂತ, 8 ಎಂಬುದು ಪುನಃ 44ಕ್ಕಿಂತ ಹೊಸದೆನಿಸಿತು. ಪ್ರತಿ ನೋಡ್ ಮೂರನ್ನೂ ಹೊಸದೆಂದೇ ಮುಂದೆ ಸಾಗಿಸುತ್ತಿತ್ತು. ಗಂಟೆಗಟ್ಟಲೆ ಜಾಲ ಬಳಕೆಗೆ ಸಿಗದೆ, ಕೊನೆಗೆ ಸಿಬ್ಬಂದಿಯೇ ತಂತ್ರಾಂಶವನ್ನು ತಿದ್ದಬೇಕಾಯಿತು.

ಆದರೂ ಇದನ್ನು ಎಲ್ಲ ದೋಷಗಳಿಗೂ ಮದ್ದೆಂದು ಭಾವಿಸಬಾರದು. ಬಂದುಹೋಗುವ ದೋಷಗಳಿಗೆ ಇದು ಒದಗುತ್ತದೆ. ಶಾಶ್ವತವಾಗಿ ಕೆಟ್ಟ ಅಥವಾ ಸುಳ್ಳು ಮಾಹಿತಿ ಕೊಡುತ್ತಲೇ ಇರುವ ಯಂತ್ರಕ್ಕೆ ಬೇರೆಯೇ ಉಪಾಯ ಬೇಕು. ಚೇತರಿಕೆ ಮುಗಿಯಿತೇ ಎಂಬುದು ವರ್ತುಲದ ಯಾವ ಕಂಪ್ಯೂಟರಿಗೂ ತಿಳಿಯುವುದಿಲ್ಲ, ಅಲ್ಲಿಯವರೆಗೆ ಒಂದಕ್ಕಿಂತ ಹೆಚ್ಚು ಯಂತ್ರಗಳಿಗೆ ಒಟ್ಟಿಗೆ ಸರದಿ ಸಿಗಬಹುದು. ಆದ್ದರಿಂದ ಒಮ್ಮೆ ನಡೆದರೆ ಹಿಂದಕ್ಕೆ ಪಡೆಯಲಾಗದ ಕೆಲಸಗಳಿಗೆ ಇದೊಂದನ್ನೇ ನಂಬಿ ಕೂರುವುದು ಸರಿಯಲ್ಲ.